ಹುಣಸೆಹಣ್ಣು ಕಂಡ ಜಪಾನ್ ಡಬ್ಬಿ

ಮನೆಗೆ ಬೀಗ ಹಾಕಿ, ಬಸ್ ಸ್ಟಾಪಿನವರೆಗೆ ಹೋಗಿ, ಅಲ್ಲಿಂದ ವಾಪಸು ಬಂದು ಬೀಗವನ್ನು ಜಗ್ಗಿ ನೋಡುವ ಚಾಳಿ ನನಗಿದೆ. ನಿಮಗೂ ಇರಬಹುದು, ಇದ್ದರೆ ಒಪ್ಪಿಕೊಳ್ಳಲು ನಾಚಬೇಡಿ. ನನ್ನ ಹೆಂಡತಿ ಇದನ್ನು ಕಾಯಿಲೆ ಎನ್ನುತ್ತಾಳೆ. ನಾನು ವೈಜ್ಞಾನಿಕ ಮನೋಭಾವ ಎನ್ನುತ್ತೇನೆ. ಹನುಮಂತನಗರದ ನಮ್ಮ ಬೀದಿಯ ಕೊನೆಯಲ್ಲಿ ತಳ್ಳುಗಾಡಿ ನಿಲ್ಲಿಸಿಕೊಂಡು ಇಸ್ತ್ರಿ ಮಾಡುವವರು, ನಾನು ತಿರುಗಿ ಬರುವುದನ್ನು ಕಂಡ ಕೂಡಲೇ, "ಹಾಕಿದೀರಾ ಸಾರ್, ನಾನೇ ನೋಡ್ದೆ, ಹೋಗಿ ಹೋಗಿ" ಎಂದು ಅಲ್ಲಿಂದಲೇ ಕೂಗುತ್ತಾರೆ. ನಾನು ಅವರನ್ನೂ ನಂಬುವುದಿಲ್ಲ. ಅವರು ನೋಡಿದ್ದು ನಿನ್ನೆ ಹಾಕಿದ್ದನ್ನೋ ಇವತ್ತು ಹಾಕಿದ್ದನ್ನೋ ಯಾರಿಗೆ ಗೊತ್ತು?

ಇದಕ್ಕೆಲ್ಲ ನಾನು ಓದಿದ ಎಂ.ಎ. ಕಾರಣ ಎಂಬುದು ಮನೆಮಂದಿಯ ಅಭಿಪ್ರಾಯ. ಓದಿದ್ದು ತತ್ವಶಾಸ್ತ್ರ. ನಮ್ಮ ಮೇಷ್ಟ್ರೊಬ್ಬರು ತರಗತಿಗೆ ಬಂದವರೇ "ಈ ಮೇಜು ಇದೆ ಅಂತ ನಿಮಗೆ ಹೇಗೆ ಗೊತ್ತು?" ಎಂದು ಕೇಳಿ, ಅದೇ ಮೇಜಿನ ಮೇಲೆ ಆರಾಮವಾಗಿ ಕುಳಿತುಬಿಡುತ್ತಿದ್ದರು. ಆ ಮೇಜನ್ನು ಅನುಮಾನಿಸಿ ಅನುಮಾನಿಸಿ ಪದವಿ ಪಡೆದು ಬಂದವನು, ಸಾರಿಗೆ ಉಪ್ಪು ಹಾಕಿದೆ ಎಂದು ಯಾರಾದರೂ ಹೇಳಿದರೂ "ಪುರಾವೆ ಏನು?" ಎನ್ನುವಂತಾಗಿದ್ದೆ. ಚಾಮರಾಜಪೇಟೆಯ ನಮ್ಮ ಅಜ್ಜಿ ನನಗೆ 'ಪುರಾವೆ ಸೀನ' ಎಂದು ಹೆಸರಿಟ್ಟಳು. ಆ ಹೆಸರು ನನ್ನ ಅಂಕಪಟ್ಟಿಗಿಂತ ಹೆಚ್ಚು ಬಾಳಿಕೆ ಬಂತು.

ಆದರೆ ನನ್ನನ್ನು ನಿಜವಾಗಿ ಕೆಡಿಸಿದ್ದು ವಿಶ್ವವಿದ್ಯಾಲಯವಲ್ಲ, ಒಂದು ಡಬ್ಬಿ.

ಅಜ್ಜಿಯ ಮನೆಯಲ್ಲಿ ಅದಕ್ಕೆ ಜಪಾನ್ ಡಬ್ಬಿ ಎಂದೇ ಹೆಸರು. ಪಂಚಾಂಗದಷ್ಟು ಉದ್ದಗಲ, ನಾಲ್ಕು ಬೆರಳು ಎತ್ತರ. ಹೊರಗೆ ಕಪ್ಪು, ಹರಳೆಣ್ಣೆ ಹಚ್ಚಿ ಬಾಚಿದ ಕೂದಲಿನಂಥ ಮಿರುಗುವ ಕಪ್ಪು. ಒಳಗೆ ಕುಂಕುಮದ ಕೆಂಪು. ಮರದ್ದು ಎನ್ನುತ್ತಿದ್ದರು, ಎತ್ತಿದರೆ ಮಾತ್ರ ಹಪ್ಪಳ ಎತ್ತಿದ ಹಾಗೆ. ಮುಚ್ಚಳದ ಮೇಲೆ ಚಿನ್ನದ ಬಣ್ಣದಲ್ಲಿ ಒಂದು ಚಿತ್ರ. ಬೆರಳಾಡಿಸಿದರೆ ಚಿತ್ರ ಸ್ವಲ್ಪ ಉಬ್ಬಿಕೊಂಡಿರುವುದು ತಿಳಿಯುತ್ತಿತ್ತು. ಡಬ್ಬಿ ಮನೆಗೆ ಬಂದದ್ದು ಹೇಗೆ ಎಂಬುದಕ್ಕೆ, ತಾತನ ಕಾಲದಲ್ಲಿ ರೇಷ್ಮೆ ಹುಳು ಸಾಕುವುದನ್ನು ಕಲಿಸಲು ಬಂದಿದ್ದ ಜಪಾನಿನವರೊಬ್ಬರು ಊರಿಗೆ ಹಿಂದಿರುಗುವಾಗ ಕೊಟ್ಟುಹೋದರು ಎಂಬ ಕಥೆಯಿತ್ತು. ದಂಡಿನ ಪ್ರದೇಶದಲ್ಲಿ ಯಾವುದೋ ದೊರೆಯ ಮನೆ ಸಾಮಾನು ಹರಾಜಾದಾಗ ತಾತ ತಂದರು ಎಂಬ ಇನ್ನೊಂದು ಕಥೆಯೂ ಇತ್ತು. ಎರಡನ್ನೂ ಹೇಳುತ್ತಿದ್ದವಳು ಅಜ್ಜಿಯೇ. ಕೇಳುವವರು ಗಂಡಸರಾದರೆ ಹರಾಜು, ಹೆಂಗಸರಾದರೆ ಉಡುಗೊರೆ.

ವರ್ಷವೆಲ್ಲ ಬೀರುವಿನಲ್ಲಿ ಮಲಗಿರುತ್ತಿದ್ದ ಡಬ್ಬಿ ಹೊರಗೆ ಬರುತ್ತಿದ್ದುದು ನವರಾತ್ರಿಗೆ. ಪಟ್ಟದ ಗೊಂಬೆಗಳ ಮಣಿಸರ, ಬೆರಳುದ್ದದ ಜರತಾರಿ ಪಂಚೆ, ರಾಣಿಯ ಮೂಗುಬೊಟ್ಟು ಎಲ್ಲ ಅದರೊಳಗೇ ಇರುತ್ತಿದ್ದವು. ಗೊಂಬೆಗಳಿಗೆ ಉಡಿಸಿ ತೊಡಿಸಿ ಆದ ಮೇಲೆ ಖಾಲಿ ಡಬ್ಬಿಯೂ ಮೇಲಿನ ಮೆಟ್ಟಿಲಿನ ಮೇಲೆ ರಾಜ ರಾಣಿಯರ ಪಕ್ಕ ಕೂರುತ್ತಿತ್ತು. ಆರತಿಗೆ ಬಂದ ಹೆಂಗಸರು, ಮಕ್ಕಳು ಜಮಖಾನೆಯ ಮೇಲೆ ಕುಳಿತರೆಂದರೆ ಅಜ್ಜಿ ಮುಚ್ಚಳವನ್ನು ಇಳಿಸಿಕೊಂಡು, ಅದರ ಮೇಲೆ ಬೆರಳಾಡಿಸುತ್ತಾ ಶುರು ಮಾಡುತ್ತಿದ್ದಳು.

"ನೋಡಮ್ಮ, ಇದು ಕ್ಷೀರಸಾಗರ. ಇಲ್ಲಿ ಅಲೆ ಕಾಣ್ತಾ? ಇದು ಕೂರ್ಮ, ಬೆನ್ನ ಮೇಲೆ ಮಂದರ ಪರ್ವತ. ಹಿಂದ್ಗಡೆ ಉದ್ದಕ್ಕೆ ಬಂದಿರೋದು ಬಾಲ ಅಲ್ಲ, ವಾಸುಕಿ. ಮೇಲೆ ಚಂದ್ರ ಈಗಿನ್ನೂ ಹುಟ್ಟಿ ಬರ್ತಿದಾನೆ. ಈ ಹಕ್ಕಿ ಇದೆಯಲ್ಲ, ಅಮೃತ ಬಂತಾ ಇಲ್ವಾ ಅಂತ ವಿಚಾರಿಸ್ಕೊಂಡು ಹೋಗೋಕೆ ಬಂದಿದೆ."

ಪದವಿಯ ಬಿಸಿ ಇನ್ನೂ ಆರದಿದ್ದ ನಾನು ಬಾಗಿಲಿಗೆ ಒರಗಿ ನಿಂತು ಕೇಳುತ್ತಿದ್ದೆ. "ಅಜ್ಜಿ, ಸಮುದ್ರಮಥನ ಅಂದ್ಮೇಲೆ ದೇವತೆಗಳು ಎಲ್ಲಿ? ರಾಕ್ಷಸರು ಎಲ್ಲಿ?"

"ಊಟಕ್ಕೆ ಹೋಗಿದಾರೆ."

"ಜಪಾನಿನವರಿಗೆ ಕೂರ್ಮಾವತಾರ ಹೇಗೆ ಗೊತ್ತಿರತ್ತೆ?"

"ಆಮೆ ಅಲ್ಲೂ ಇರಲ್ವೇನೋ? ಬೆನ್ನಿದ್ಮೇಲೆ ಯಾರಾದ್ರೂ ಏನಾದ್ರೂ ಹೊರಿಸ್ತಾರೆ. ಸುಮ್ನೆ ಉಸಲಿ ತಿನ್ನು."

ಹೆಂಗಸರೆಲ್ಲ ನಗುತ್ತಿದ್ದರು. ಮುಚ್ಚಳ ಅವರ ಕೈಯಿಂದ ಕೈಗೆ ಹೋಗಿ, ಎಲ್ಲರೂ ಕೂರ್ಮನಿಗೆ ಕೈಮುಗಿದು, ಮತ್ತೆ ಅಜ್ಜಿಗೆ ಬರುತ್ತಿತ್ತು.

ಇನ್ನು ಹುಣಸೆಹಣ್ಣಿನ ವಿಚಾರ. ಹಬ್ಬದ ಹಿಂದಿನ ದಿನ ನಮ್ಮಂಥವರ ಮನೆಗಳಲ್ಲಿ ಒಂದು ಉನ್ಮಾದ ಶುರುವಾಗುತ್ತದೆ. ದೀಪದ ಕಂಬ, ಆರತಿ ತಟ್ಟೆ, ಪಂಚಪಾತ್ರೆ, ಹೊಳೆಯುವುದು, ಹೊಳೆಯಬೇಕಾದ್ದು, ಒಂದು ಕಾಲದಲ್ಲಿ ಹೊಳೆದಿದ್ದು ಎಲ್ಲವೂ ಹಿತ್ತಲಿನ ನಲ್ಲಿಯ ಕೆಳಗೆ ಹೋಗಿ ಬೀಳುತ್ತವೆ. ಕಿವುಚಿದ ಹುಣಸೆಹಣ್ಣು, ಕತ್ತದ ನಾರು, ನಾಲ್ಕು ಕೈ. ಆ ಹೊತ್ತಿನಲ್ಲಿ ನನ್ನನ್ನು ಕೂರಿಸಿದ್ದರೆ ನನ್ನನ್ನೂ ತಿಕ್ಕಿಬಿಡುತ್ತಿದ್ದರು.

ಒಂದು ವರ್ಷ ಆ ರಾಶಿಯೊಳಗೆ ಜಪಾನ್ ಡಬ್ಬಿಯೂ ಸೇರಿಕೊಂಡಿತು. ಕಮಲತ್ತೆ, ಅಂದರೆ ಅಪ್ಪನ ತಂಗಿ, ಸ್ಕೂಲಿನಲ್ಲಿ ಟೀಚರು, ಅಜ್ಜಿಯ ಜೊತೆಗೇ ಇದ್ದವರು, ಸಂಜೆ ಸ್ಕೂಲಿನಿಂದ ಬಂದು ಸೆರಗು ಸಿಕ್ಕಿಸಿಕೊಂಡು ಕುಳಿತವರು, ಮಬ್ಬು ಬೆಳಕಿನಲ್ಲಿ ಕೈಗೆ ಸಿಕ್ಕಿದ್ದನ್ನೆಲ್ಲ ತಿಕ್ಕುತ್ತಾ ಹೋದರು. ಹುಣಸೆ ಮೆತ್ತಿಕೊಂಡಿದ್ದ ಇನ್ನೊಂದು ವಸ್ತುವನ್ನೂ ತಿಕ್ಕಿದರು. ನೀರು ಹಾಕಿದಾಗ ನೋಡಿದರೆ ಮುಚ್ಚಳ ಬೋಳು. ಬಚ್ಚಲ ಕಲ್ಲಿನ ಮೇಲೆ ಚಿನ್ನದ ಪುಡಿ ಒಂದಿಷ್ಟು ಹೊಳೆದು, ಮೋರಿಯ ಕಡೆಗೆ ಹರಿದುಹೋಯಿತಂತೆ.

ಅತ್ತೆ ಅಳುತ್ತಾ ನಮ್ಮ ಮನೆಗೆ ಫೋನು ಮಾಡಿದರು. ನನ್ನ ತಂಗಿ ಸುಧಾಳೂ ನಾನೂ ಓಡಿದೆವು. "ಅಮ್ಮಂಗೆ ಮಾತ್ರ ಗೊತ್ತಾಗ್ಬಾರ್ದು ಕಣೋ," ಎಂದರು ಅತ್ತೆ. "ತಾತಂದು ಅಂತ ಅಮ್ಮನ ಹತ್ರ ಉಳಿದಿರೋದು ಅದೊಂದೇ. ಅಮ್ಮ ಇರೋವರ್ಗೂ ಗೊತ್ತಾಗ್ಬಾರ್ದು."

ಗೊತ್ತಾಗುವ ಭಯ ಆಗ ಅಷ್ಟಾಗಿ ಇರಲಿಲ್ಲ. ಅಜ್ಜಿಯ ಎರಡು ಕಣ್ಣಿಗೂ ಪೊರೆ ಬಂದು, ಎದುರಿಗೆ ನಿಂತವರನ್ನು ದನಿಯಿಂದಲೇ ಗುರುತಿಸುತ್ತಿದ್ದಳು. ಅತ್ತೆ ಡಬ್ಬಿಯನ್ನು ಮೇಲಿನ ಮೆಟ್ಟಿಲಿನಿಂದ ಇಳಿಸಿ, ಸೀರಿಯಲ್ ಸೆಟ್ಟಿನ ಬೆಳಕು ಬೀಳದ ಮೂಲೆಗೆ ಸರಿಸಿದರು. ಅಜ್ಜಿ ಯಾಕೆ ಎಂದು ಕೇಳಲಿಲ್ಲ. ಆರತಿಯ ಹೊತ್ತಿಗೆ ಎಂದಿನಂತೆ ಮುಚ್ಚಳ ತರಿಸಿಕೊಂಡು, ಬೋಳು ಕಪ್ಪಿನ ಮೇಲೆ ಬೆರಳಾಡಿಸುತ್ತಾ, "ಇದು ಕ್ಷೀರಸಾಗರ..." ಎಂದಳು. ಅತ್ತೆ ಹಿಂದೆ ನಿಂತು ಬಂದವರಿಗೆಲ್ಲ ಕೈಸನ್ನೆ ಮಾಡಿದರು. ಅಜ್ಜಿಯ ಬೀದಿಯ ಹೆಂಗಸರು ಎಂಥ ದೊಡ್ಡ ಮನಸ್ಸಿನವರೆಂದರೆ, ಇಲ್ಲದ ಕೂರ್ಮನನ್ನು ನೋಡಿ, "ಎಷ್ಟು ಸೂಕ್ಷ್ಮ ಕೆಲಸ ಅಲ್ವಾ!" ಎಂದು ತಲೆದೂಗಿದರು. ಒಂದು ವ್ಯತ್ಯಾಸವನ್ನು ಮಾತ್ರ ನಾನು ಗಮನಿಸಿದೆ. ಅಜ್ಜಿ ಮುಚ್ಚಳವನ್ನು ಕೈಯಿಂದ ಬಿಡಲಿಲ್ಲ, ಯಾರಿಗೂ ಕೊಡಲಿಲ್ಲ. ವಯಸ್ಸಾದಂತೆ ವಸ್ತುಗಳ ಮೇಲೆ ಆಸೆ ಹೆಚ್ಚುತ್ತದೆ ಎಂದು ತತ್ವಶಾಸ್ತ್ರಜ್ಞನಾದ ನಾನು ತೀರ್ಮಾನಿಸಿದೆ.

ಹೀಗೆ ಕೆಲವು ನವರಾತ್ರಿಗಳು ನಡೆದುಹೋದವು. ಮುಂದೆಯೂ ನಡೆಯುತ್ತಿದ್ದವೇನೋ. ಆದರೆ ಕಣ್ಣಿನ ಡಾಕ್ಟರು ಇನ್ನು ತಡಮಾಡಬಾರದು ಎಂದುಬಿಟ್ಟರು.

ಆಪರೇಷನ್ ಅಂದರೆ ಅಜ್ಜಿ ಸುತರಾಂ ಒಪ್ಪಳು. "ಕಂಡಿದ್ದು ಸಾಕು ಬಿಡ್ರೋ. ಇನ್ನೇನು ನೋಡ್ಬೇಕು?" ಎನ್ನುತ್ತಿದ್ದಳು. ಹೆದರಿಕೆ ಎಂದುಕೊಂಡೆವು. ಅತ್ತೆಯೂ ಡಾಕ್ಟರ ಎದುರು ಕೂತು, "ನವರಾತ್ರಿ ಕಳೆದ್ಮೇಲೆ ಮಾಡಿದ್ರೆ ಆಗಲ್ವಾ ಸಾರ್?" ಎಂದು ಕೇಳಿದರು. ಡಾಕ್ಟರು, "ಯಾಕಮ್ಮಾ, ಹಬ್ಬ ಕಣ್ತುಂಬ ನೋಡ್ಲಿ" ಎಂದರು. ಅತ್ತೆಯ ಮುಖ ನೋಡಬೇಕಿತ್ತು.

ಆಪರೇಷನ್ನಿಗೆ ಮೊದಲು ಅಡುಗೆಮನೆಯಲ್ಲಿ ಒಂದು ಗುಪ್ತ ಸಭೆ ಸೇರಿತು. ಸುಧಾ ಗಾಂಧಿಬಜಾರಿನಿಂದ ಚಿನ್ನದ ಬಣ್ಣದ ಸೀಸೆ, ಸಣ್ಣ ಕುಂಚ ತಂದಿದ್ದಳು. ಅವಳು ಕಾಲೇಜಿನಲ್ಲಿ ರಂಗೋಲಿ ಸ್ಪರ್ಧೆಯಲ್ಲಿ ಬಹುಮಾನ ತೆಗೆದುಕೊಂಡವಳು. ಆಮೆಯೊಂದನ್ನು ಬರೆಯುವುದು ಕಷ್ಟವಲ್ಲ. ಅಜ್ಜಿಗೆ ಕಣ್ಣು ಬರುವ ಹೊತ್ತಿಗೆ ಚಿತ್ರವೂ ಬಂದಿರಬೇಕು, ಅಷ್ಟೆ. ಸುಧಾ ಯಾವುದೋ ಮದುವೆ ಕಾಗದವನ್ನು ಮಗುಚಿ, ಪೆನ್ಸಿಲ್ ಹಿಡಿದು, "ಹೇಳಿ, ಏನಿತ್ತು?" ಎಂದಳು.

"ಹಕ್ಕಿ," ಎಂದೆ ನಾನು. "ಉದ್ದ ಕುತ್ತಿಗೆ. ಹಿಂದೆ ದೊಡ್ಡ ಚಂದ್ರ. ಒಂದು ಕಾಲು ಇಳಿಬಿಟ್ಕೊಂಡು ಹಾರ್ತಿತ್ತು."

"ಹಕ್ಕಿ ಇರ್ಲೇ ಇಲ್ಲ ಕಣೋ! ಆಮೆ ಇತ್ತು. ಪೊರಕೆ ಥರ ಬಾಲ ಇತ್ತು ಅದಕ್ಕೆ."

"ಅಜ್ಜಿ ಹಕ್ಕಿ ಅಂತಿರ್ಲಿಲ್ವಾ?"

"ಅಜ್ಜಿ ದೇವತೆಗಳು ಊಟಕ್ಕೆ ಹೋಗಿದಾರೆ ಅಂತಾನೂ ಅಂತಿದ್ಲು. ಎಲೆ ಹಾಕಿ ಬರೀಲಾ?"

ಅತ್ತೆ ಇಬ್ಬರನ್ನೂ ತಡೆದರು. "ನೀವಿಬ್ರೂ ಸುಮ್ನಿರಿ. ಆಮೇನೂ ಇಲ್ಲ, ಹಕ್ಕೀನೂ ಇಲ್ಲ. ಒಂದು ಬಂಡೆ, ಅದರ ಮೇಲೊಂದು ಸೊಟ್ಟ ಮರ. ನಮ್ಮ ಬ್ಯೂಗಲ್ ರಾಕ್ ಥರಾನೇ. ಆ ಬಂಡೇನೇ ಅಮ್ಮ ಕೂರ್ಮ ಅಂತಿದ್ದಿದ್ದು."

ನಲವತ್ತು ವರ್ಷ ಆ ಡಬ್ಬಿಯ ಜೊತೆ ಬದುಕಿದವರು ಅತ್ತೆ. ಅವರ ಪ್ರಕಾರ ಜಪಾನಿನವರು ಬಸವನಗುಡಿಯ ಬಂಡೆಯನ್ನು ಚಿನ್ನದಲ್ಲಿ ಬರೆದು ತಂದಿದ್ದರು. ಮೂವರಿಗೂ ತಮ್ಮ ತಮ್ಮ ಚಿತ್ರ ಕಣ್ಣಿಗೆ ಕಟ್ಟಿದಂತಿತ್ತು. ಮದುವೆ ಕಾಗದದ ಮೇಲೆ ಕೊನೆಗೆ ಮೂಡಿದ್ದು, ಬ್ಯೂಗಲ್ ರಾಕಿನ ಮೇಲೆ ಕೋಳಿಯೊಂದು ಪೊರಕೆ ಕಚ್ಚಿಕೊಂಡು ಕುಳಿತ ದೃಶ್ಯ.

"ನೀನು ಓದಿದೋನಲ್ವಾ, ಹೋಗಿ ಲೈಬ್ರರಿಯಲ್ಲಿ ನೋಡ್ಕೊಂಡು ಬಾ," ಎಂದರು ಅತ್ತೆ.

ಹೋದೆ. ಹಳೆಯ ಲೈಬ್ರರಿಯೊಂದರ ಮಹಡಿಯಲ್ಲಿ, ಎತ್ತಲು ಎರಡು ಕೈ ಬೇಕಾಗುವಂಥ ಚಿತ್ರಗಳ ಪುಸ್ತಕವೊಂದು ಸಿಕ್ಕಿತು. ಈ ಮಿರುಗುವ ಕಪ್ಪು ಒಂದು ಮರದ ಹಾಲಿನಿಂದ ಬರುವುದಂತೆ, ಆ ಮರ ನಮ್ಮ ಗೇರಿನ ಬಳಗದ್ದಂತೆ. ಹಾಲು ಮೈಗೆ ತಾಗಿದರೆ ಬೊಬ್ಬೆ. ಅದನ್ನು ತೆಳ್ಳಗೆ ಬಳಿದು, ಒಣಗಿಸಿ, ಉಜ್ಜಿ, ಮತ್ತೆ ಬಳಿದು, ಚಿತ್ರವಿನ್ನೂ ಹಸಿಯಾಗಿರುವಾಗಲೇ ಅದರ ಮೇಲೆ ಚಿನ್ನದ ಪುಡಿ ಉದುರಿಸುತ್ತಾರೆ. ಚಿತ್ರಗಳಿಗೂ ಅರ್ಥವುಂಟು. ಉದ್ದ ಕುತ್ತಿಗೆಯ ಕೊಕ್ಕರೆ ಸಾವಿರ ವರ್ಷ ಬದುಕುತ್ತದೆ. ಆಮೆ ಹತ್ತು ಸಾವಿರ ವರ್ಷ. ಬದುಕಿ ಬದುಕಿ ಆಮೆಯ ಚಿಪ್ಪಿನ ಮೇಲೆ ಪಾಚಿ ಬೆಳೆದು ನೀರಿನಲ್ಲಿ ಹಿಂದೆ ತೇಲಿಕೊಂಡು ಬರುತ್ತದೆ, ಸುಧಾಳ ಪೊರಕೆಯ ಹಾಗೆ. ಬಂಡೆಯ ಮೇಲಿನ ಸೊಟ್ಟ ಮರ ಎಲೆ ಉದುರಿಸದ ಪೈನ್. ಪುಟ ತಿರುಗಿಸಿದಾಗ ನಾನು ಕುರ್ಚಿಯಲ್ಲಿ ನೆಟ್ಟಗೆ ಕುಳಿತೆ. ಸಮುದ್ರದ ನಡುವೆ ಸಾವಿಲ್ಲದವರು ವಾಸಿಸುವ ಒಂದು ಬೆಟ್ಟವಿದೆಯಂತೆ, ಅದನ್ನು ಹೊತ್ತಿರುವುದು ಆಮೆಯಂತೆ, ಸಾವು ಬಾರದ ಔಷಧಿ ಸಿಗುವುದೂ ಅಲ್ಲೇ ಅಂತೆ.

ಸಮುದ್ರ, ಆಮೆ, ಬೆನ್ನ ಮೇಲೆ ಬೆಟ್ಟ, ಸಾವಿಲ್ಲದಂತೆ ಮಾಡುವ ಔಷಧಿ. ಅಜ್ಜಿಗೆ ಜಪಾನಿನ ಬಗ್ಗೆ ಗೊತ್ತಿದ್ದುದು ಅಲ್ಲಿಯ ರೇಡಿಯೋ ಚೆನ್ನಾಗಿರುತ್ತದೆ ಎಂಬುದೊಂದೇ. ಅವಳದು ಕುರುಡು ಊಹೆಯೇ ಇರಬಹುದು, ಸರಿ. ಆದರೆ ನನಗಾದ ಅನಾಹುತ ಬೇರೆ. ಪುಸ್ತಕ ಮುಚ್ಚಿ ಮೆಟ್ಟಿಲು ಇಳಿಯುವ ಹೊತ್ತಿಗೆ ನನ್ನ ತಲೆಯೊಳಗಿನ ಮುಚ್ಚಳದಲ್ಲಿ ಬಂಡೆ, ಮರ, ಪಾಚಿ, ಅಲೆ ಎಲ್ಲವೂ ಬಂದು ಕುಳಿತಿದ್ದವು. ಬರಿ ಹಕ್ಕಿಯಿದ್ದ ಜಾಗದಲ್ಲಿ ಈಗ ಇಡೀ ದ್ವೀಪ. ಚಿಕ್ಕಂದಿನಲ್ಲಿ ಅಜ್ಜಿಯ ತೊಡೆಯ ಮೇಲೆ ಕುಳಿತು ಅವನ್ನೆಲ್ಲ ಬೆರಳಿನಿಂದ ಮುಟ್ಟಿದ್ದೂ ನೆನಪಾಗತೊಡಗಿತು. ಮುಟ್ಟಿದ್ದೆನೋ, ಅಥವಾ ಆ ಮಧ್ಯಾಹ್ನವಷ್ಟೇ ಪುಸ್ತಕದ ಪುಟವನ್ನು ಮುಟ್ಟಿದ್ದೆನೋ? ನನ್ನ ಬೀಗದ ಕಾಯಿಲೆ ಶುರುವಾದದ್ದು ಆ ಮೆಟ್ಟಿಲುಗಳ ಮೇಲೆ ಎಂದು ನನ್ನ ಅನುಮಾನ.

ಅತ್ತೆಗೆ ಎಲ್ಲವನ್ನೂ ಹೇಳಿದೆ. "ಅಂದ್ರೆ ಏನು ಬರೀಬೇಕೋ?" ಎಂದರು.

"ಜಪಾನಿನವರು ಏನೇನು ಬರೀತಾರೆ ಅಂತ ಗೊತ್ತಾಯ್ತು ಅತ್ತೆ. ನಮ್ಮ ಡಬ್ಬಿ ಮೇಲೆ ಏನಿತ್ತು ಅಂತ ಈಗ ಮೊದಲಿಗಿಂತ ಕಡಿಮೆ ಗೊತ್ತು."

"ಸಾವಿರ ವರ್ಷ, ಹತ್ತು ಸಾವಿರ ವರ್ಷ ಅಂದ್ಯಲ್ಲ," ಎಂದು ಅತ್ತೆ ಕಣ್ಣೊರೆಸಿಕೊಂಡರು. "ನನ್ನ ಕೈಲಿ ಒಂದು ಉಂಡೆ ಹುಣಸೆಹಣ್ಣಿಗೆ ಮುಗಿದೋಯ್ತು ನೋಡು."

ಬಣ್ಣದ ಸೀಸೆಯ ಮುಚ್ಚಳ ತೆರೆಯಲೇ ಇಲ್ಲ.

ಅಜ್ಜಿ ಕಪ್ಪು ಕನ್ನಡಕ ಹಾಕಿಕೊಂಡು ಆಸ್ಪತ್ರೆಯಿಂದ ಬಂದಳು. ಕೆಲವು ದಿನ ಮನೆಯಲ್ಲಿ ಅವಳ ತಪಾಸಣೆ ನಡೆಯಿತು. "ಕಮಲಾ, ಗೋಡೆ ಮೇಲೆ ಇಷ್ಟೊಂದು ಜಿಡ್ಡಾ?" "ಸೀನ, ನಿಂಗೆ ಯಾವಾಗ್ಲೋ ಕೂದ್ಲು ಉದುರಿದ್ದು?" ಡಬ್ಬಿಯ ವಿಚಾರವನ್ನು ಮಾತ್ರ ಎತ್ತಲಿಲ್ಲ. ನವರಾತ್ರಿ ಬಂತು. ಈ ಸಲ ಪಟ್ಟದ ಗೊಂಬೆಗೆ ತಾನೇ ಸರ ಹಾಕಿದಳು. ಡಬ್ಬಿ ಹಳೆಯ ಕತ್ತಲೆ ಮೂಲೆಯಲ್ಲಿ ಕುಳಿತಿತ್ತು. ಸಂಜೆ ಹೆಂಗಸರು ಬಂದರು. ಪಕ್ಕದ ಮನೆಯವರೊಬ್ಬರು, ವಿಷಯ ಗೊತ್ತಿಲ್ಲದೆಯೋ ಗೊತ್ತಿದ್ದೋ, "ಅಜ್ಜಿ, ಈಗ ಕಣ್ಣು ಬಂತಲ್ಲ, ಕೂರ್ಮನ ಕಥೆ ಹೇಳಿ" ಎಂದುಬಿಟ್ಟರು.

ಅತ್ತೆಯ ಕೈಯಲ್ಲಿದ್ದ ಉಸಲಿ ದೊನ್ನೆ ವಾಲಿತು. ಸುಧಾ ಎದ್ದು ಫ್ಯೂಸ್ ತೆಗೆಯಲು ಹೊರಟವಳಂತೆ ಮೀಟರ್ ಬೋರ್ಡಿನ ಕಡೆಗೆ ನೋಡಿದಳು. ಅಜ್ಜಿ ಮಾತ್ರ ಮುಚ್ಚಳವನ್ನು ತೊಡೆಯ ಮೇಲಿಟ್ಟುಕೊಂಡು, ಕನ್ನಡಕ ಸರಿಮಾಡಿಕೊಂಡು ನೋಡಿದಳು. ಕಪ್ಪು ಮುಚ್ಚಳದಲ್ಲಿ ಅವಳ ಮುಖವೇ ಕಾಣುತ್ತಿದ್ದಿರಬೇಕು. ತಲೆಯೆತ್ತಿ ಅತ್ತೆಯನ್ನು ನೋಡಿದಳು. ಮತ್ತೆ ಮುಚ್ಚಳಕ್ಕೆ ಬೆರಳಿಟ್ಟು, "ನೋಡಮ್ಮ, ಇದು ಕ್ಷೀರಸಾಗರ..." ಎಂದು ಶುರುಮಾಡಿದಳು. ಅಲೆ, ಕೂರ್ಮ, ವಾಸುಕಿ, ಚಂದ್ರ, ಹಕ್ಕಿ, ಯಾರನ್ನೂ ಬಿಡಲಿಲ್ಲ.

ಹೆಂಗಸರು ಹೋದ ಮೇಲೆ ಅಜ್ಜಿ, "ಕಮಲಾ, ಬಾ ಇಲ್ಲಿ. ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡ" ಎಂದಳು. "ಈ ಚಿತ್ರ ಅಳಿಸಿಹಾಕಿದ್ದು ನಾನೇ."

ಅತ್ತೆ ಎತ್ತಿಕೊಂಡಿದ್ದ ದೊನ್ನೆಗಳನ್ನು ಅಲ್ಲೇ ಇಟ್ಟು ಬಂದು ಕುಳಿತರು.

"ಆ ವರ್ಷ ಬೀರುವಿಂದ ತೆಗೆದ್ರೆ ಚಿನ್ನ ಎಲ್ಲಾ ಮಂಕು ಮಂಕಾಗಿ ಕಾಣ್ತು. ನೀನು ಸ್ಕೂಲಿಗೆ ಹೋಗಿದ್ಯಾ, ಮಧ್ಯಾಹ್ನ ಕೂತು ಹುಣಸೆಹಣ್ಣು ಹಾಕಿ ಚೆನ್ನಾಗಿ ತಿಕ್ಕಿ ರಾಶಿಯಲ್ಲಿಟ್ಟೆ. ತಿಕ್ಕಿದಷ್ಟೂ ಮಂಕು. ಮಂಕು ಇದ್ದಿದ್ದು ನನ್ನ ಕಣ್ಣಲ್ಲಿ ಅಂತ ಆಗ ಗೊತ್ತಾಗ್ಲಿಲ್ಲ ಕಣೇ. ಆಮೇಲೆ ಬೆರಳಿಟ್ರೆ ಎಲ್ಲಾ ನುಣ್ಣಗೆ. ಯಾರ ಕೈಗಾದ್ರೂ ಕೊಟ್ರೆ ನಿಂಗೆ ಗೊತ್ತಾಗಿಬಿಡತ್ತೆ ಅಂತ ನಾನೇ ಇಟ್ಕೊಂಡು ಕಥೆ ಹೇಳ್ತಿದ್ದೆ. ಆಪರೇಷನ್ ಆದ್ಮೇಲಂತೂ ಕಾಣ್ಲಿಲ್ಲ ಅನ್ನೋಕೂ ಆಗಲ್ವಲ್ಲ!"

"ಅಮ್ಮಾ, ನೀನಲ್ಲಮ್ಮ, ನಾನು! ಸಾಯಂಕಾಲ ನಾನು ತಿಕ್ಕಿದ್ದು! ಚಿನ್ನ ನನ್ನ ಕೈಯಲ್ಲೇ ಬಂತು!"

"ನೀನು ತಿಕ್ಕೋ ಹೊತ್ತಿಗೆ ಅದರಲ್ಲಿ ಏನಿತ್ತೇ? ನಾನು ಆಗ್ಲೇ ಕಿತ್ತುಹಾಕಿದ್ದೆ."

"ಇಲ್ಲ, ನಾನು ಕಣ್ಣಾರೆ ನೋಡಿದೀನಿ!"

"ನಿಂಗೆ ಯಾವಾಗ್ಲೂ ಎಲ್ಲಾ ನಿಂದೇ ಆಗ್ಬೇಕು."

ತಪ್ಪು ತನ್ನದೆಂದು ತಾಯಿ, ತನ್ನದೆಂದು ಮಗಳು, ಸೀರೆಗೆ ಜಗಳವಾಡುವಂತೆ ಜಗಳವಾಡಿದರು. ಅಜ್ಜಿ ಕೊನೆಗೆ ನನ್ನ ಕಡೆಗೆ ತಿರುಗಿ, "ಏ ಪುರಾವೆ ಸೀನ, ನೀನೇ ಹೇಳೋ, ಯಾರದ್ದು?" ಎಂದಳು. ಜೀವನದಲ್ಲಿ ಮೊದಲ ಸಲ ಯಾರೋ ನನ್ನನ್ನು ಪುರಾವೆ ಕೇಳುತ್ತಿದ್ದರು. ಪುರಾವೆಯೆಲ್ಲ ಮೋರಿಗೆ ಹೋಗಿತ್ತು. ನಾನು ಅದರ ಬದಲು, "ಅಜ್ಜಿ, ಅದಿರ್ಲಿ, ಚಿತ್ರದಲ್ಲಿ ನಿಜವಾಗ್ಲೂ ಏನಿತ್ತು?" ಎಂದು ಕೇಳಿದೆ.

ಅಜ್ಜಿ ಯೋಚಿಸಿದಳು. "ನೋಡಿ ಎಷ್ಟು ವರ್ಷ ಆಯ್ತೋ! ಹೇಳ್ತಾ ಹೇಳ್ತಾ ನೋಡೋದೇ ಬಿಟ್ಬಿಟ್ಟಿದ್ದೆ" ಎಂದಳು. ಆಮೇಲೆ ತಾಯಿ ಮಗಳು ಇಬ್ಬರೂ ನಕ್ಕ ನಗೆಗೆ ಪಟ್ಟದ ಗೊಂಬೆಯ ರಾಣಿ ಮಗುಚಿ ಬಿತ್ತು.

ಬಿತ್ತು ಎಂದು ನನ್ನ ನೆನಪು. ಈಚೆಗೆ ಮಲ್ಲೇಶ್ವರದಲ್ಲಿರುವ ಸುಧಾಳಿಗೆ ಇದನ್ನೆಲ್ಲ ಫೋನಿನಲ್ಲಿ ಹೇಳುತ್ತಿದ್ದರೆ ಅವಳು ನಡುವೆಯೇ ತಡೆದಳು. "ರಾಣಿ ಬಿದ್ದಿದ್ದು ಸರಿ. ಆದ್ರೆ ನೀನು ಅವತ್ತು ಎಲ್ಲಿದ್ಯೋ? ಮತ್ತಿಕೆರೆಯಲ್ಲಿ ಫ್ರೆಂಡ್ ರೂಮಿಗೆ ಹೋಗಿದ್ದೆ. ಮಾರನೇ ದಿನ ಬಂದೆ, ನಾನೇ ಹೇಳಿದ್ದು ನಿಂಗೆ."

"ಅಜ್ಜಿ ನನ್ನ ಕೇಳಿದ್ಲಲ್ಲೇ, ಯಾರದ್ದು ಅಂತ?"

"'ಪುರಾವೆ ಸೀನ ಇದ್ದಿದ್ರೆ ಕೇಳ್ಬೋದಿತ್ತು' ಅಂದ್ಲು."

ಇರಬಹುದು. ಇಲ್ಲದೆಯೂ ಇರಬಹುದು. ಅಜ್ಜಿ ಈಗಿಲ್ಲ. ಅತ್ತೆ ರಿಟೈರಾದ ಮೇಲೆ ಡಬ್ಬಿಯನ್ನು ನನ್ನ ಕೈಗಿತ್ತು, "ನಿಮ್ಮನೇಲೇ ಇರ್ಲಿ, ಅಲ್ಲಿ ಯಾರೂ ಏನೂ ತಿಕ್ಕಲ್ಲ" ಎಂದರು. ನನ್ನ ಹೆಂಡತಿ ಅದನ್ನು ಬೈಗುಳವೆಂದೇ ತಿಳಿದಿದ್ದಾಳೆ. ಮನೆಯ ಇನ್ನೊಂದು ಬೀಗದ ಕೈ ಈಗ ಅದರೊಳಗಿದೆ.

ಮೊನ್ನೆ ಬೆಳಿಗ್ಗೆ ಹೊರಡುವ ಹೊತ್ತಿನಲ್ಲಿ ಕಿಟಕಿಯಿಂದ ಓರೆಯಾಗಿ ಬಿಸಿಲು ಬಿದ್ದಿತ್ತು. ಮುಚ್ಚಳದ ಮೇಲೆ ಒಂದು ಗೆರೆ ಕಂಡಿತು. ತೆಳ್ಳಗೆ, ಬಾಗಿದ ಗೆರೆ. ಕೊಕ್ಕರೆಯ ಕುತ್ತಿಗೆ ಇರಬಹುದು, ಆಮೆಯ ಪಾಚಿ ಇರಬಹುದು, ಸೊಟ್ಟ ಮರದ ಕೊಂಬೆಯೂ ಇರಬಹುದು. ಕತ್ತದ ನಾರಿನ ಗೀರೂ ಇರಬಹುದು. ಗೀರಾದರೆ ಅಜ್ಜಿಯದೋ ಅತ್ತೆಯದೋ. ತಿರುಗಿಸಿ ತಿರುಗಿಸಿ ನೋಡುತ್ತಾ ತಡವಾಯಿತು. ಬೀಗ ಹಾಕಿ, ಬಸ್ ಸ್ಟಾಪಿನವರೆಗೆ ಹೋಗಿ, ವಾಪಸು ಬಂದೆ. ಇಸ್ತ್ರಿಯವರು ಎಂದಿನಂತೆ, "ಹಾಕಿದೀರಾ ಸಾರ್!" ಎಂದು ಕೂಗಿದರು. ಹಾಕಿದ್ದು ನನಗೂ ಗೊತ್ತಿತ್ತು. ನಾನು ಬಂದದ್ದು ಬೀಗಕ್ಕಲ್ಲ.

ಅಷ್ಟರಲ್ಲಿ ಬಿಸಿಲು ಸರಿದಿತ್ತು. ಮುಚ್ಚಳ ಪೂರ್ತಿ ಕಪ್ಪಗಿತ್ತು. ಮನೆಯಲ್ಲಿ ಯಾರೂ ಇಲ್ಲದ್ದನ್ನು ಖಚಿತಪಡಿಸಿಕೊಂಡು, ಅದರ ಮೇಲೆ ಬೆರಳಿಟ್ಟು, "ಇದು ಕ್ಷೀರಸಾಗರ" ಎಂದೆ. ಆಮೆ, ಹಕ್ಕಿ, ಚಂದ್ರ ಯಾರೂ ಕಾಣಲಿಲ್ಲ. ಎಲ್ಲರೂ ಊಟಕ್ಕೆ ಹೋಗಿದ್ದರು.